ಮೊದ್ಲು ಕಿವಿಗೆ ಕೂರ್ಲಿ, ಆಮೇಲೆ ಸೌಂಡ್ ನೋಡೋಣ: ಇನ್-ಇಯರ್ ಇಯರ್‌ಫೋನ್ ಆರಿಸೋದು ಹೇಗೆ

ಒಂದು ಇಯರ್‌ಫೋನನ್ನ ನಾನು ಮೂರು ತಿಂಗಳು ಡ್ರಾಯರ್‌ನಲ್ಲಿ ಹಾಕಿಟ್ಟುಬಿಟ್ಟಿದ್ದೆ. ರಿವ್ಯೂ ಮಾಡಿದವರೆಲ್ಲ ಬೇಸ್ (ದಪ್ಪ, ತಗ್ಗು ಸದ್ದು) ಸಖತ್ತಾಗಿದೆ ಅಂತ ಹೊಗಳಿದ್ರು, ನನ್ನ ಕಿವಿಗೆ ಮಾತ್ರ ತಗಡಿನ ಡಬ್ಬದೊಳಗಿಂದ ಹಾಡಿದ ಹಾಗೆ ಕೇಳ್ತಿತ್ತು, ಬೇಸ್ ಅನ್ನೋದೇ ಇಲ್ಲ, ಹಾಡೋರ ದನಿ ಯಾವಾಗ್ಲೂ ಸ್ವಲ್ಪ ಬಲಗಡೆಗೆ ವಾಲ್ಕೊಂಡಿರೋದು. ಪೀಸೇ ಸರಿಯಿಲ್ಲ ಅಂದ್ಕೊಂಡೆ. ಆಮೇಲೆ ಒಂದಿನ ಡ್ರಾಯರ್ ಕ್ಲೀನ್ ಮಾಡುವಾಗ ಅದರ ಜೊತೆ ಬಂದಿದ್ದ ರಬ್ಬರ್ ಟಿಪ್‌ಗಳ ಸಣ್ಣ ಕವರ್ ಸಿಕ್ತು, ನೋಡೋಣ ಅಂತ ಎಡಗಿವಿದು ಮಾತ್ರ ಮೀಡಿಯಂ ತೆಗೆದು ಲಾರ್ಜ್ ಹಾಕ್ದೆ. ಹಾಡು ಅದೇ, ಫೋನ್ ಅದೇ, ಇಯರ್‌ಫೋನೂ ಅದೇ. ಆದ್ರೆ ಬೇಸ್ ಬಂತು, ದನಿ ಬಂದು ಸರಿಯಾಗಿ ನಡುವೆ ನಿಂತ್ಕೊಳ್ತು.

ಆವತ್ತಿಂದ ಯಾರಾದ್ರೂ ಯಾವ ಇಯರ್‌ಫೋನ್ ತಗೊಳ್ಲಿ ಅಂತ ಕೇಳಿದ್ರೆ ಮಾಡೆಲ್ ಹೆಸರು ಹೇಳೋಕೆ ಮುಂಚೆ ಅವರ ಕಿವಿ ಬಗ್ಗೆ ಕೇಳ್ತೀನಿ. ಇನ್-ಇಯರ್ ಅನ್ನೋದು ಬಾಟಲಿಗೆ ಬಿರಡೆ ಹಾಕಿದ ಹಾಗೆ ಕಿವಿ ತೂತಿಗೆ ಕೂರೋ ಸಾಮಾನು, ಬಿರಡೆ ಸಡಿಲ ಇದ್ರೆ ಗಾಳಿ ಸೋರುತ್ತೆ, ಗಾಳಿ ಸೋರಿದ್ರೆ ಮೊದ್ಲು ಹೋಗೋದೇ ಬೇಸ್, ಬೇಸ್ ಹೋದ್ಮೇಲೆ ಉಳಿದದ್ದೆಲ್ಲ ಚೀರಿದ ಹಾಗೆ ಕೇಳುತ್ತೆ, ಆಗ ನಾವು ಕಂಪನಿಯನ್ನ ಬೈಕೊಂಡು ಇನ್ನೊಂದು ತಗೋತೀವಿ. ಅದಕ್ಕೇ ಇಲ್ಲಿ ಕಿವಿಯಿಂದ ಶುರು ಮಾಡ್ತೀನಿ, ಟಿಪ್‌ಗೆ ಬರ್ತೀನಿ, ಸೌಂಡ್ ಆಮೇಲೆ, ಡಬ್ಬಿ ಮೇಲೆ ಬರೆದಿರೋ ನಂಬರ್‌ಗಳು ಅದಕ್ಕೂ ಆಮೇಲೆ.

ಮೊದಲನೇದು: ನಿಮ್ಮ ಕಿವಿ ಹೇಗಿದೆ ನೋಡ್ಕೊಳ್ಳಿ

ದೊಡ್ಡವರಲ್ಲಿ ಕಿವಿ ಕಾಲುವೆ, ಅಂದ್ರೆ ಹೊರಗಿನ ತೂತಿನಿಂದ ತಮಟೆವರೆಗಿನ ದಾರಿ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಅಗಲ ಸುಮಾರು 7 ಮಿಲಿಮೀಟರ್. ನೇರ ಪೈಪ್ ಅಲ್ಲ ಅದು, ಸ್ವಲ್ಪ ಸೊಟ್ಟಗೆ ಬಳುಕಿಕೊಂಡು ಹೋಗುತ್ತೆ. ಹೊರಗಿನ ಮೂರನೇ ಒಂದು ಭಾಗ ಮೃದು ಎಲುಬು, ಅದು ಸ್ವಲ್ಪ ಬಗ್ಗುತ್ತೆ, ಒಳಗಿನ ಭಾಗ ಗಟ್ಟಿ ಮೂಳೆ, ಅದರ ಮೇಲಿರೋ ಚರ್ಮ ತುಂಬಾ ತೆಳು, ಏನು ತಾಗಿದ್ರೂ ನೋವು. ಎರಡು ಕಿವಿ ಒಂದೇ ಅಳತೆ ಇರ್ಬೇಕು ಅಂತೇನೂ ಇಲ್ಲ, ಒಂದಕ್ಕೆ ಮೀಡಿಯಂ ಇನ್ನೊಂದಕ್ಕೆ ಲಾರ್ಜ್ ಹಾಕೋದು ತುಂಬಾ ಮಾಮೂಲಿ, ಅದಕ್ಕೆ ಏನೋ ತೊಂದ್ರೆ ಅಂತ ಅಂದ್ಕೋಬೇಡಿ.

ಕನ್ನಡಿ ಮುಂದೆ ನಿಂತ್ಕೊಂಡು, ಇಲ್ಲಾಂದ್ರೆ ಫೋನ್‌ನಲ್ಲಿ ಒಂದು ಫೋಟೋ ತೆಕ್ಕೊಂಡು, ಕಿವಿ ತೂತಿನ ಹೊರಗಡೆ ಬಟ್ಟಲಿನ ಹಾಗಿರೋ ಗುಳಿ ನೋಡಿ. ಇಯರ್‌ಫೋನಿನ ಬಾಡಿ ಕೂರೋದು ಅಲ್ಲಿ. ಈ ಗುಳಿ ಚಿಕ್ಕದಿದ್ರೆ ನಾಲ್ಕೈದು ಡ್ರೈವರ್ (ಸದ್ದು ಮಾಡೋ ಪುಟ್ಟ ಸ್ಪೀಕರ್) ತುಂಬಿದ ದಪ್ಪ ಶೆಲ್‌ಗಳು ಎಷ್ಟೇ ಚೆನ್ನಾಗಿ ಹಾಡಿದ್ರೂ ಅರ್ಧ ಗಂಟೆಗೆ ಅಂಚು ಒತ್ತಿ ಕಿವಿ ಕೆಂಪಗಾಗುತ್ತೆ, ಅಂಥವರು ಸಣ್ಣ ಬಾಡಿಯ ಅಥವಾ ಬುಲೆಟ್ ಆಕಾರದ, ಅಂದ್ರೆ ಸಿಲಿಂಡರ್ ಥರ ಉದ್ದಕ್ಕೆ ಇರೋ ಇಯರ್‌ಫೋನ್ ನೋಡೋದು ಒಳ್ಳೇದು. ಹಳೇ ಇಯರ್‌ಫೋನ್ ಎಲ್ಲಿ ನೋಯಿಸ್ತಿತ್ತು ಅಂತ ನೆನಪು ಮಾಡ್ಕೊಳ್ಳಿ, ಅದು ಬಹಳ ಉಪಯೋಗಕ್ಕೆ ಬರುತ್ತೆ. ತೂತಿನ ಒಳಗೇ ನೋವು ಅಂದ್ರೆ ಟಿಪ್ ದೊಡ್ಡದಾಯ್ತು ಅಥವಾ ತುಂಬಾ ಒಳಗೆ ಹೋಗ್ತಿದೆ. ಗುಳಿಯ ಅಂಚಲ್ಲಿ ನೋವು ಅಂದ್ರೆ ಬಾಡಿ ದೊಡ್ಡದು, ಟಿಪ್ ಬದಲಾಯಿಸಿದ್ರೆ ಅದು ಪೂರ್ತಿ ಹೋಗಲ್ಲ. ಕಿವಿ ಮೇಲ್ಭಾಗದಲ್ಲಿ, ತಲೆಗೆ ಅಂಟೋ ಜಾಗದಲ್ಲಿ ಉರಿ ಅಂದ್ರೆ ಕೇಬಲಿನ ಹುಕ್ ಗಟ್ಟಿ, ಕನ್ನಡಕ ಹಾಕೋರಿಗೆ ಇದು ಹೆಚ್ಚು, ಯಾಕಂದ್ರೆ ಕನ್ನಡಕದ ಕಡ್ಡಿ ಮತ್ತೆ ಹುಕ್ ಎರಡೂ ಅಲ್ಲೇ ಕೂರ್ಬೇಕು. ನೋವಿಲ್ಲ ಬರೀ ಕೆರೆತ ಅಂದ್ರೆ ಬೆವರು, ಕೊಳೆ, ಇಲ್ಲಾ ಟಿಪ್‌ನ ಮೆಟೀರಿಯಲ್ ಆಗಿಬರ್ತಿಲ್ಲ.

ಕಿವಿಯಿಂದ ನೀರು ಸೋರೋದು, ಒಳಗೆ ಇನ್ಫೆಕ್ಷನ್, ತಮಟೆ ತೂತು ಈ ಥರ ಇರೋರು ಇನ್-ಇಯರ್ ಹಾಕೋ ಮುಂಚೆ ಡಾಕ್ಟರ್‌ನ ಕೇಳಿ, ಅವರಿಗೆ ಹೊರಗೆ ಕೂರೋ ಹೆಡ್‌ಫೋನೇ ವಾಸಿ ಇರಬಹುದು.

ಎರಡನೇದು: ಎಲ್ಲಿ, ಯಾವಾಗ ಹಾಕ್ಕೋತೀರ

ಇದನ್ನ ಬೇಗ ಮುಗಿಸ್ತೀನಿ. ಗಲಾಟೆ ಇರೋ ಬಸ್ಸು ಟ್ರೈನಲ್ಲಿ ಕೇಳೋಕೆ ಅಂದ್ರೆ ಹೊರಗಿನ ಸದ್ದು ತಡೆಯೋದು ಮುಖ್ಯ. ರಸ್ತೇಲಿ ನಡೆಯುವಾಗ, ಓಡುವಾಗ ಅಂದ್ರೆ ಗಾಡಿ ಸದ್ದು ಕೇಳಿಸ್ಲೇಬೇಕು, ಅಲ್ಲಿಗೆ ಪೂರ್ತಿ ಸೀಲ್ ಆಗೋ ಇನ್-ಇಯರ್ ಬೇಡ, ಇಲ್ಲಾ ಹೊರಗಿನ ಸದ್ದನ್ನ ಮೈಕ್‌ನಿಂದ ಒಳಗೆ ಕೇಳಿಸೋ ಟ್ರಾನ್ಸ್‌ಪರೆನ್ಸಿ ಮೋಡ್ ಇರೋದು ತಗೊಳ್ಳಿ. ದಿನಪೂರ್ತಿ ಕಾಲ್‌ನಲ್ಲಿ ಇರೋರಾದ್ರೆ ಮೈಕ್ ಮತ್ತೆ ಕಂಫರ್ಟ್ ಮುಂದೆ ಬೇರೆ ಎಲ್ಲಾ ಹಿಂದಕ್ಕೆ. ಮಲಗುವಾಗ ಹಾಕೋರಿಗೆ ಕಿವಿಯಿಂದ ಹೊರಗೆ ಚಾಚದೇ ಇರೋ ಚಪ್ಪಟೆ ಬಾಡಿ ಬೇಕು. ಕೂತು ಮ್ಯೂಸಿಕ್ ಕೇಳೋಕೇ ಅಂತಿದ್ರೆ ವೈರ್ ಇರೋದು ಈಗ್ಲೂ ಒಳ್ಳೆ ಆಯ್ಕೆ, ಬ್ಯಾಟರಿ ಸಾಯೋ ಚಿಂತೆ ಇಲ್ಲ, ಕೇಬಲ್ ಬಿಚ್ಚೋಕಾಗೋದಾದ್ರೆ ವರ್ಷಗಟ್ಟಲೆ ಬಾಳಿಕೆ ಬರುತ್ತೆ.

ಮೂರನೇದು: ಟಿಪ್, ಇಲ್ಲೇ ಹೆಚ್ಚು ಟೈಮ್ ಕೊಡಿ

ಡಬ್ಬಿ ತೆಗೆದ ತಕ್ಷಣ ಮೀಡಿಯಂ ಹಾಕಿರುತ್ತೆ, ತುಂಬಾ ಜನ ಅದನ್ನೇ ಹಾಕ್ಕೊಂಡು ಮುಂದಿನ ಎರಡು ವರ್ಷ ಅದರಲ್ಲೇ ಕೇಳ್ತಾರೆ, ಉಳಿದ ಟಿಪ್‌ಗಳು ಡಬ್ಬಿ ಜೊತೆ ಅಟ್ಟ ಸೇರುತ್ತೆ. ದಯವಿಟ್ಟು ಹಾಗೆ ಮಾಡ್ಬೇಡಿ. ಬಂದಿರೋ ಎಲ್ಲ ಸೈಜನ್ನೂ ಒಂದೊಂದಾಗಿ, ಒಂದೊಂದು ಕಿವಿಗೂ ಬೇರೆಬೇರೆಯಾಗಿ ಹಾಕಿ ನೋಡಿ.

ಹಾಕೋದಕ್ಕೂ ಒಂದು ರೀತಿ ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನ ತಲೆ ಹಿಂದಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೀರಿ, ಆಗ ಸೊಟ್ಟಗಿರೋ ಕಾಲುವೆ ನೇರ ಆಗುತ್ತೆ. ಬಲಗೈಲಿ ಇಯರ್‌ಫೋನನ್ನ ಒಳಗಿಟ್ಟು ಸ್ವಲ್ಪ ತಿರುಗಿಸ್ತಾ ಒತ್ತಿ, ಆಮೇಲೆ ಕಿವಿ ಬಿಡಿ. ಬಿಟ್ಟ ಕ್ಷಣ ಕಿವಿ ತಾನಾಗೇ ಟಿಪ್ ಸುತ್ತ ಮುಚ್ಕೊಳ್ಳುತ್ತೆ, ಹೊರಗಿನ ಸದ್ದು ದಪ್ಪಂತ ತಗ್ಗುತ್ತೆ. ಆ ತಗ್ಗೋದು ಗೊತ್ತಾಗ್ಲಿಲ್ಲ ಅಂದ್ರೆ ಸೀಲ್ ಆಗಿಲ್ಲ ಅಂತ್ಲೇ ಅರ್ಥ.

ಸೀಲ್ ಆಗಿದೆಯಾ ಅಂತ ನೋಡೋಕೆ ನಾನು ಮಾಡೋದು ಇಷ್ಟು. ಹಾಡು ಹಾಕ್ದೇನೇ ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬಾಯಿ ಮುಚ್ಚಿ "ಮ್‌ಮ್‌ಮ್" ಅಂತ ಗುನುಗಿ. ದನಿ ತಲೆ ಒಳಗೆ, ನಡುವೆ, ಗುಂಯ್ ಅಂತ ಕೇಳ್ಬೇಕು. ಒಂದು ಕಡೆಗೆ ಜಾಸ್ತಿ ಗುಂಯ್ ಅಂದ್ರೆ ಆ ಕಡೆ ಸೀಲ್ ಚೆನ್ನಾಗಿದೆ, ಇನ್ನೊಂದು ಕಡೆ ಸೋರ್ತಿದೆ. ನನ್ನ ಎಡಗಿವಿಯೂ ಹೀಗೇ ಸೋರ್ತಿತ್ತು ಅಂತ ಆಮೇಲೆ ಗೊತ್ತಾಯ್ತು. ಇನ್ನೊಂದು ದಾರಿ, ಫೋನ್‌ಗೆ ಯಾವುದಾದ್ರೂ ಟೋನ್ ಜನರೇಟರ್ ಆ್ಯಪ್ ಹಾಕಿ ಸಣ್ಣ ವಾಲ್ಯೂಮ್‌ನಲ್ಲಿ 40 ಹರ್ಟ್ಜ್ ಟೋನ್ ಬಿಡಿ, ಬೇಸ್ ಗಿಟಾರಿನ ಅತಿ ದಪ್ಪ ತಂತಿ ಮೀಟಿದ್ರೆ ಬರೋದು ಹತ್ತಿರ ಹತ್ತಿರ ಅದೇ, 41 ಹರ್ಟ್ಜ್. ಟೋನ್ ಓಡ್ತಿರುವಾಗ ಇಯರ್‌ಫೋನನ್ನ ಬೆರಳಲ್ಲಿ ಮೆತ್ತಗೆ ಒಳಕ್ಕೆ ಒತ್ತಿ. ಒತ್ತಿದಾಗ ಸದ್ದು ಜಾಸ್ತಿ ಆಗಿ, ಬಿಟ್ಟಾಗ ಕಮ್ಮಿ ಆದ್ರೆ ಟಿಪ್ ಸಣ್ಣದು. ಒತ್ತಿದ್ರೂ ಬಿಟ್ರೂ ಒಂದೇ ಥರ ಇದ್ರೆ ಸರಿಯಾಗಿದೆ. ಕೆಲವು ವೈರ್‌ಲೆಸ್ ಇಯರ್‌ಬಡ್‌ಗಳ ಆ್ಯಪ್‌ನಲ್ಲೇ ಈ ಪರೀಕ್ಷೆ ಇರುತ್ತೆ, ಆ್ಯಪಲ್ ಇದನ್ನ 2019ರ ಏರ್‌ಪಾಡ್ಸ್ ಪ್ರೋ ಜೊತೆ ಕೊಟ್ಟಿತ್ತು, ಒಳಗಿನ ಮೈಕ್ ಕಿವಿ ಒಳಗೆ ಎಷ್ಟು ಸದ್ದು ಉಳೀತಿದೆ ಅಂತ ಅಳೆಯುತ್ತೆ. ನಿಮ್ಮದರಲ್ಲಿ ಇದ್ರೆ ಖಂಡಿತ ಬಳಸಿ.

ಈಗ ಮಾತಾಡಿ, ಬಾಯಿ ಅಗಲ ಮಾಡಿ, ಏನೋ ಜಗಿಯೋ ಹಾಗೆ ದವಡೆ ಆಡಿಸಿ. ದವಡೆ ಅಲುಗಿದ್ರೆ ಕಾಲುವೆಯ ಆಕಾರವೇ ಬದಲಾಗುತ್ತೆ, ಕೂತಲ್ಲೇ ಚೆನ್ನಾಗಿದ್ದ ಸೀಲ್ ಕಾಲ್‌ನಲ್ಲಿ ಮಾತಾಡೋಕೆ ಶುರು ಮಾಡಿದ ತಕ್ಷಣ ಒಡೆದುಹೋಗೋದು ಇದಕ್ಕೇ. ಕಿವಿ ಅಚ್ಚು ತೆಗೆದು ಮಾಡೋ ಕಸ್ಟಮ್ ಇಯರ್‌ಫೋನ್‌ಗಳಿಗೆ ಅಚ್ಚು ತೆಗೆಯುವಾಗ ಎಷ್ಟೋ ಸಲ ಹಲ್ಲಿನ ಮಧ್ಯೆ ಒಂದು ಸಣ್ಣ ಬ್ಲಾಕ್ ಕಚ್ಚಿಸಿ ಬಾಯಿ ತೆರೆದೇ ಇಟ್ಕೊಳ್ಳೋಕೆ ಹೇಳ್ತಾರೆ, ಹಾಡೋರು ಬಾಯಿ ತೆರೆದಾಗ್ಲೂ ಸೋರಬಾರ್ದು ಅಂತ. ಅಂದಹಾಗೆ ಈ ಕಸ್ಟಮ್ ಇಯರ್‌ಫೋನ್‌ಗಳಿಗೆ ದೊಡ್ಡ ಹೆಸರು ಬಂದಿದ್ದು 1995ರಲ್ಲಿ ಜೆರ್ರಿ ಹಾರ್ವಿ ಅನ್ನೋ ಸೌಂಡ್ ಇಂಜಿನಿಯರ್ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗೋಸ್ಕರ ಮಾಡಿಕೊಟ್ಟ ಮೇಲೆ, ವೇದಿಕೆ ಮೇಲಿನ ಗದ್ದಲದಲ್ಲಿ ಕೇಳಿಸ್ಕೊಳ್ಳೋಕೆ ಅಂತ.

ಟಿಪ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಸಿಲಿಕೋನ್ ತೊಳೆಯೋಕೆ ಸುಲಭ, ತುಂಬಾ ದಿನ ಬರುತ್ತೆ, ಹಾಕಿ ತೆಗೆಯೋದು ಬೇಗ. ಫೋಮ್ ಅನ್ನೋದು ಸ್ಪಂಜಿನ ಥರ, ಬೆರಳ ಮಧ್ಯೆ ಇಟ್ಟು ಹೊಸೆದು ತೆಳ್ಳಗೆ ಮಾಡಿ ಬೇಗ ಒಳಗೆ ಹಾಕಿ ಇಪ್ಪತ್ತು ಮೂವತ್ತು ಸೆಕೆಂಡ್ ಅಲುಗಾಡಿಸದೇ ಹಿಡ್ಕೋಬೇಕು, ಅದು ನಿಧಾನಕ್ಕೆ ಉಬ್ಬಿ ನಿಮ್ಮ ಕಾಲುವೆಯ ಆಕಾರಕ್ಕೇ ಕೂರುತ್ತೆ. ಉಬ್ಬುತ್ತಾ ಹೋದ ಹಾಗೆ ಹೊರಗಿನ ಫ್ಯಾನ್ ಸದ್ದು ಒಂದೊಂದೇ ಮೆಟ್ಟಿಲು ಇಳಿದು ದೂರ ಹೋದ ಹಾಗೆ ಕೇಳುತ್ತೆ, ನನಗೆ ಅದೊಂದು ಬಹಳ ಇಷ್ಟವಾದ ಕ್ಷಣ. ಫೋಮ್ ಕಿವಿ ಗೋಡೆಗೆ ಮೆತ್ತಗೆ, ಸೀಲ್ ಚೆನ್ನಾಗಿ, ಆದ್ರೆ ಟ್ರೆಬಲ್ (ಚೂಪಾದ, ಮೇಲಿನ ಸದ್ದು) ಸ್ವಲ್ಪ ಹೀರ್ಕೊಳ್ಳುತ್ತೆ, ಬೆವರು ಗುಗ್ಗೆ ಹಿಡಿದು ಕೆಲವು ತಿಂಗಳಿಗೆ ಹಾಳಾಗುತ್ತೆ, ಬದಲಾಯಿಸ್ತಾ ಇರ್ಬೇಕು. ಚುಚ್ಚೋ ಹಾಗೆ ಟ್ರೆಬಲ್ ಇರೋ ಇಯರ್‌ಫೋನ್‌ಗೆ ಫೋಮ್ ಹಾಕಿದ್ರೆ ಎಷ್ಟೋ ಸಲ ಅಲ್ಲಿಗೇ ಸಮಸ್ಯೆ ಬಗೆಹರಿಯುತ್ತೆ.

ಇವೆರಡಲ್ಲದೆ ಛತ್ರಿ ಮೇಲೆ ಛತ್ರಿ ಇಟ್ಟ ಹಾಗೆ ಎರಡು ಮೂರು ಪದರ ಇರೋ ಟಿಪ್ ಇದೆ, ಅದು ಆಳಕ್ಕೆ ಹೋಗುತ್ತೆ. 1991ರಲ್ಲಿ ಬಂದ ಎಟಿಮೋಟಿಕ್ ಕಂಪನಿಯ ಇಆರ್-4 ಇದಕ್ಕೆ ಹೆಸರುವಾಸಿ, ಸಣ್ಣ ಕಡ್ಡಿ ಹಾಗಿನ ನಾಝಲ್ (ಟಿಪ್ ಸಿಕ್ಕಿಸೋ ಮೂತಿ), ಮೂರು ಪದರದ ಟಿಪ್, ಹೊರಗಿನ ಸದ್ದು ತಡೆಯೋದ್ರಲ್ಲಿ ಇವತ್ತಿಗೂ ಆ ಥರದವನ್ನ ಮೀರಿಸೋದು ಕಷ್ಟ. ಆದ್ರೆ ಅಷ್ಟು ಒಳಗೆ ಹೋಗೋದನ್ನ ತಡ್ಕೊಳ್ಳೋಕೆ ಎಲ್ಲರಿಗೂ ಆಗಲ್ಲ, ಮೊದಲ ಸಲ ಹಾಕಿದಾಗ ಯಾರೋ ಕಿವಿಗೆ ಬೆರಳಿಟ್ಟ ಹಾಗಾಗುತ್ತೆ. ನಿಮಗೆ ಆಗ್ಲಿಲ್ಲ ಅಂದ್ರೆ ಬಲವಂತ ಮಾಡ್ಕೋಬೇಡಿ.

ಬೇರೆ ಕಂಪನಿ ಟಿಪ್ ತಗೊಳ್ಳೋದಾದ್ರೆ ನಿಮ್ಮ ಇಯರ್‌ಫೋನಿನ ನಾಝಲ್ ಎಷ್ಟು ದಪ್ಪ ಅಂತ ನೋಡ್ಕೊಂಡು ತಗೊಳ್ಳಿ, ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ಇರುತ್ತೆ, ವೈರ್‌ಲೆಸ್‌ನಲ್ಲಿ ಮೊಟ್ಟೆ ಆಕಾರದ ನಾಝಲ್ ಕೂಡ ಇರುತ್ತೆ, ಅದಕ್ಕೆ ದುಂಡಗಿನ ಟಿಪ್ ಸರಿಯಾಗಿ ಕೂರಲ್ಲ, ಕೇಸ್‌ನ ಮುಚ್ಚಳ ಮುಚ್ಚದೇ ಹೋಗಬಹುದು. ಟಿಪ್‌ನ ಮಧ್ಯದ ತೂತು ಅಗಲ ಇದ್ರೆ ಟ್ರೆಬಲ್ ಸ್ವಲ್ಪ ಎದ್ದು ಕೇಳುತ್ತೆ, ಕಿರಿದಾಗಿದ್ರೆ ಸ್ವಲ್ಪ ಮೆತ್ತಗೆ. ನಾಝಲ್ ಮೇಲೆ ಟಿಪ್ ಸಡಿಲ ಇದ್ರೆ ಮಾತ್ರ ಹಾಕ್ಲೇಬೇಡಿ, ಇಯರ್‌ಫೋನ್ ಎಳೆದಾಗ ಟಿಪ್ ಕಿವಿ ಒಳಗೇ ಉಳಿದ್ಬಿಡುತ್ತೆ. ಹಾಗೇನಾದ್ರೂ ಆಗಿ, ಬೆರಳಿಗೆ ಸುಲಭವಾಗಿ ಸಿಗ್ಲಿಲ್ಲ ಅಂದ್ರೆ ಪಿನ್ನು ಚಿಮಟ ಹಾಕೋಕೆ ಹೋಗ್ಬೇಡಿ, ಇನ್ನೂ ಒಳಗೆ ತಳ್ಳಿಬಿಡ್ತೀರ, ನೇರ ಇಎನ್‌ಟಿ ಡಾಕ್ಟರ್ ಹತ್ರ ಹೋಗಿ.

ನಾಲ್ಕನೇದು: ಒಂದು ಗಂಟೆ ಹಾಕ್ಕೊಂಡು ನೋಡಿ

ಐದು ನಿಮಿಷಕ್ಕೆ ಯಾವ ಇಯರ್‌ಫೋನೂ ನೋಯಿಸಲ್ಲ. ಸಾಧ್ಯ ಆದ್ರೆ ವಾಪಸ್ ಕೊಡೋಕಾಗೋ ಕಡೆ ತಗೊಳ್ಳಿ, ಕಿವಿ ಒಳಗೆ ಹೋಗೋ ಸಾಮಾನು ಅಂತ ಡಬ್ಬಿಯ ಸೀಲ್ ಒಡೆದ ಮೇಲೆ ವಾಪಸ್ ತಗೊಳ್ಳದೇ ಇರೋರು ತುಂಬಾ ಜನ ಇರೋದ್ರಿಂದ ದುಡ್ಡು ಕೊಡೋ ಮುಂಚೆನೇ ಕೇಳ್ಕೊಳ್ಳಿ. ಮನೆಗೆ ತಂದ್ಮೇಲೆ ಒಂದು ಗಂಟೆ ತೆಗೀದೇ ಹಾಕ್ಕೊಂಡು ನಿಮ್ಮ ಕೆಲಸ ನೀವು ಮಾಡಿ, ಬಗ್ಗಿ ಏಳಿ, ನಡೀರಿ. ಪ್ರತಿ ಹೆಜ್ಜೆಗೂ ತಲೆ ಒಳಗೆ ಧಬ್ ಧಬ್ ಅನ್ನೋದು, ನಿಮ್ಮ ದನಿ ನಿಮಗೇ ಗಡಿಗೆಯೊಳಗಿಂದ ಬಂದ ಹಾಗೆ ಕೇಳೋದು, ಇದು ತೂತು ಮುಚ್ಚಿದಾಗ ಆಗೋದೇ, ಮೂಳೆ ಮೂಲಕ ಬಂದ ಸದ್ದು ಹೊರಗೆ ಹೋಗೋಕೆ ದಾರಿ ಇಲ್ಲದೇ ಒಳಗೇ ಉಳ್ಕೊಳ್ಳುತ್ತೆ. ಕೆಲವರಿಗೆ ಇದು ಎರಡು ದಿನಕ್ಕೆ ಅಭ್ಯಾಸ ಆಗುತ್ತೆ, ಕೆಲವರಿಗೆ ಕೊನೆವರೆಗೂ ಹಿಂಸೆ. ಹಿಂಸೆ ಅನ್ನೋರಿಗೆ ಗಾಳಿ ಹೋಗೋಕೆ ಸಣ್ಣ ವೆಂಟ್ ಇರೋ ಮಾಡೆಲ್, ಇಲ್ಲಾ ಅರ್ಧ ತೆರೆದಿರೋ ಇಯರ್‌ಬಡ್ ಒಳ್ಳೇದು.

ಕಿವಿಗೆ ಒತ್ತುವಾಗ ಒಳಗೆ ಪ್ಲಾಸ್ಟಿಕ್ ಕವರ್ ಮುದುಡಿದ ಹಾಗೆ ಚರಕ್ ಅಂತ ಕೇಳಿದ್ರೆ ಗಾಬರಿ ಬೇಡ, ಒಳಗಿನ ಗಾಳಿ ಡ್ರೈವರ್‌ನ ಪೊರೆಯನ್ನ ತಳ್ತಿದೆ, ಅಷ್ಟೇ. ನಿಧಾನಕ್ಕೆ, ಕಿವಿ ಎಳೆದು ಹಾಕಿದ್ರೆ ಕಮ್ಮಿ ಆಗುತ್ತೆ. ವೈರ್ ಇರೋದ್ರಲ್ಲಿ ಕೇಬಲ್ ಬಟ್ಟೆಗೆ ಉಜ್ಜಿದ ಸದ್ದು ಕಿವಿಗೆ ಬರ್ತಿದ್ರೆ ಕೇಬಲನ್ನ ಕಿವಿ ಮೇಲಿಂದ ಸುತ್ತಿ ಹಾಕಿ ನೋಡಿ, ತುಂಬಾ ಕಮ್ಮಿ ಆಗುತ್ತೆ.

ಐದನೇದು: ಈಗ ಸೌಂಡ್

ಎರಡು ಇಯರ್‌ಫೋನ್ ಹೋಲಿಸುವಾಗ ಎಲ್ಲರೂ ಮೋಸ ಹೋಗೋದು ವಾಲ್ಯೂಮ್‌ನಲ್ಲಿ. ಸ್ವಲ್ಪ ಜೋರಾಗಿ ಕೇಳೋದೇ ಕಿವಿಗೆ ಚೆನ್ನಾಗಿ ಕೇಳುತ್ತೆ, ಒಂದೆರಡು ಡೆಸಿಬಲ್ ವ್ಯತ್ಯಾಸ ಜೋರು ಅಂತ ಗೊತ್ತೇ ಆಗಲ್ಲ, ಕ್ಲಿಯರ್ ಇದೆ, ಬೇಸ್ ಚೆನ್ನಾಗಿದೆ ಅಂತ ಅನ್ಸುತ್ತೆ. ನಮ್ಮ ಕಿವಿ ಸಣ್ಣ ವಾಲ್ಯೂಮ್‌ನಲ್ಲಿ ಬೇಸನ್ನ ಕಮ್ಮಿ ಕೇಳಿಸ್ಕೊಳ್ಳುತ್ತೆ, ವಾಲ್ಯೂಮ್ ಏರಿದ ಹಾಗೆ ಬೇಸ್ ತುಂಬ್ಕೊಳ್ಳುತ್ತೆ, ಫ್ಲೆಚರ್ ಮತ್ತೆ ಮನ್ಸನ್ ಅನ್ನೋರು 1933ರಲ್ಲೇ ಇದನ್ನ ಅಳೆದು ತೋರಿಸಿದ್ರು. ಹಾಗಾಗಿ ಒಬ್ಬರೇ ಹಾಡೋ ದನಿ ಇರೋ ಜಾಗ ಹಾಕ್ಕೊಂಡು ಎರಡರಲ್ಲೂ ದನಿ ಒಂದೇ ಜೋರಿಗೆ ಬರೋ ಹಾಗೆ ವಾಲ್ಯೂಮ್ ಹೊಂದಿಸಿ, ಆಮೇಲೇ ಹೋಲಿಸಿ.

ಹಾಡು ನಿಮಗೆ ಬಾಯಿಪಾಠ ಬರೋದೇ ಆಗಿರ್ಬೇಕು. ಡೆಮೋ ಟ್ರ್ಯಾಕ್‌ಗಳು ಎಲ್ಲದರಲ್ಲೂ ಚೆನ್ನಾಗೇ ಕೇಳುತ್ತೆ. ನಾನು ನಾಲ್ಕು ಥರದ್ದು ಇಟ್ಕೊಂಡಿದೀನಿ. ಒಂದು, ಬರೀ ಗಂಡು ದನಿ, ಎದೆಯ ತೂಕ ಇರ್ಬೇಕು ಆದ್ರೆ ಗವ್ ಅನ್ನಬಾರ್ದು. ಇನ್ನೊಂದು ಹೆಣ್ಣು ದನಿ, ಅದರಲ್ಲಿ ಸ, ಶ, ಚ ಬರೋ ಜಾಗ ಕಿವಿಗೆ ಸೂಜಿ ಚುಚ್ಚಿದ ಹಾಗಾದ್ರೆ 5ರಿಂದ 8 ಕಿಲೋಹರ್ಟ್ಜ್ ನಡುವೆ ಎಲ್ಲೋ ಜಾಸ್ತಿ ಆಗಿದೆ, ಇವತ್ತು ಸಹಿಸ್ಕೋಬಹುದು, ವಾರದ ಕೊನೆಗೆ ತೆಗೆದಿಡ್ತೀರ. ಮೂರನೇದು ತಬಲಾ, ಎಡಗೈ ಡಗ್ಗದ ಮೇಲೆ ಅಂಗೈ ಜಾರಿಸಿದಾಗ ಆ "ಗೂಂ" ಅನ್ನೋ ನಾದ ಮೇಲಕ್ಕೆ ಜಾರುತ್ತಲ್ಲ, ಆ ಜಾರೋದು ಪೂರ್ತಿ ಕೇಳ್ಬೇಕು, ಒಳ್ಳೇ ಬೇಸ್ ಇರೋದ್ರಲ್ಲಿ ಅದು ದಾರದ ಹಾಗೆ ಎಳ್ಕೊಂಡು ಹೋಗುತ್ತೆ, ಬರೀ ಬೇಸ್ ಜಾಸ್ತಿ ಮಾಡಿರೋದ್ರಲ್ಲಿ ಒಂದೇ ಉಂಡೆ ಆಗಿ ಧಬ್ ಅಂದು ಮುಗೀತು. ನಾಲ್ಕನೇದು ಹತ್ತಿಪ್ಪತ್ತು ವಾದ್ಯ ಒಟ್ಟಿಗೆ ಬರೋ ಹಾಡು, ಗಲಾಟೆ ಏರಿದಾಗ ಒಂದು ವಾದ್ಯನ ಹಿಡ್ಕೊಂಡು ಕಿವಿಯಲ್ಲೇ ಹಿಂಬಾಲಿಸಿ, ಕಳೆದುಹೋಗದೇ ಕೊನೆವರೆಗೂ ಸಿಕ್ಕಿದ್ರೆ ಅದು ಒಳ್ಳೇ ಇಯರ್‌ಫೋನ್.

ಮೊದಲ ದಿನ ವಾವ್ ಅನ್ಸಿದ್ದನ್ನ ಪೂರ್ತಿ ನಂಬ್ಬೇಡಿ. ಟ್ರೆಬಲ್ ಜಾಸ್ತಿ ಇರೋದು ಮೊದಲಿಗೆ ಏನೋ ಹೊಸ ವಿವರ ಕೇಳಿದ ಹಾಗೆ ಅನ್ಸುತ್ತೆ, ಒಂದು ಗಂಟೆಗೆ ತಲೆ ಭಾರ. ಹಾಗೇನೇ ಮೊದಲ ದಿನ ಸಪ್ಪೆ ಅನ್ಸಿದ್ದು ನಾಲ್ಕೈದು ದಿನಕ್ಕೆ ಹಿಡಿಸೋದೂ ಉಂಟು, ಕಿವಿ ಹಳೇದಕ್ಕೆ ಒಗ್ಗಿಹೋಗಿರುತ್ತೆ. ಒಂದು ವಾರ ಹೊಸದನ್ನೇ ಹಾಕಿ ಆಮೇಲೆ ಹಳೇದಕ್ಕೆ ವಾಪಸ್ ಹೋಗಿ ನೋಡಿ, ಆಗ ವ್ಯತ್ಯಾಸ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಗುತ್ತೆ.

ಕೇಳಿ ನೋಡೋಕೆ ಸಿಗ್ಲಿಲ್ಲ, ಗ್ರಾಫ್ (ಯಾವ ಸ್ವರ ಎಷ್ಟು ಜೋರು ಅಂತ ತೋರಿಸೋ ಗೆರೆ) ನೋಡೇ ತಗೋಬೇಕು ಅನ್ನೋರಿಗೆ ಎರಡು ಮಾತು. ಗ್ರಾಫ್‌ನಲ್ಲಿ 3 ಕಿಲೋಹರ್ಟ್ಜ್ ಹತ್ತಿರ ಗುಡ್ಡದ ಹಾಗೆ ಎದ್ದಿರುತ್ತೆ, ಅದು ತಪ್ಪಲ್ಲ, ತೆರೆದ ಕಿವಿಯ ಕಾಲುವೆಯೇ ಆ ಜಾಗದ ಸದ್ದನ್ನ ತಾನಾಗಿ ಜೋರು ಮಾಡುತ್ತೆ, ಇಯರ್‌ಫೋನ್ ಹಾಕಿ ಮುಚ್ಚಿದಾಗ ಅದು ತಪ್ಪಿಹೋಗೋದ್ರಿಂದ ಇಯರ್‌ಫೋನೇ ಅದನ್ನ ಸೇರಿಸಿ ಕೊಡ್ಬೇಕು. ಗೆರೆ ನೇರ ಇದ್ರೆ ದನಿ ದೂರದಲ್ಲಿ, ಮಬ್ಬಾಗಿ ಕೇಳುತ್ತೆ. ಇನ್ನೊಂದು, ಅಳೆಯೋ ಯಂತ್ರದ ಕಿವಿಯಲ್ಲಿ 8 ಕಿಲೋಹರ್ಟ್ಜ್ ಹತ್ತಿರ ಒಂದು ಚೂಪು ಬರುತ್ತೆ, ಎಷ್ಟೋ ಗ್ರಾಫ್‌ಗಳಲ್ಲಿ ಅದು ಆ ಯಂತ್ರದ್ದೇ, ನಿಮ್ಮ ಕಿವಿಯಲ್ಲಿ ಬೇರೆ ಕಡೆ ಬರುತ್ತೆ, ಅದನ್ನ ನೋಡಿ ಬೇಡ ಅಂತ ತೀರ್ಮಾನ ಮಾಡ್ಬೇಡಿ. ಹರ್ಮನ್ ಕಂಪನಿಯ ಸಂಶೋಧಕರು ಕೇಳುಗರಿಗೆ ಯಾವ ಥರದ ಸೌಂಡ್ ಇಷ್ಟ ಅಂತ ಪರೀಕ್ಷೆ ಮಾಡಿ ಇನ್-ಇಯರ್‌ಗೆ ಒಂದು ಗೆರೆ ಎಳೆದಿದ್ದಾರೆ, 2019ರ ಹರ್ಮನ್ ಟಾರ್ಗೆಟ್ ಅಂತ ಕರೀತಾರೆ, ಹೋಲಿಸೋಕೆ ಒಂದು ಗುರುತಿನ ಕಲ್ಲು ಅಂತ ಇಟ್ಕೊಳ್ಳಿ. ಅದಕ್ಕಿಂತ ಬೇಸ್ ಜಾಸ್ತಿ ಬೇಕಾ, ಟ್ರೆಬಲ್ ಕಮ್ಮಿ ಬೇಕಾ ಅನ್ನೋದು ನಿಮ್ಮ ರುಚಿ.

ಒಂದೆರಡು ಡೆಸಿಬಲ್ ಹೆಚ್ಚುಕಮ್ಮಿ ಇದ್ರೆ ಈಕ್ವಲೈಸರ್‌ನಲ್ಲಿ (ಬೇಸ್, ಟ್ರೆಬಲ್ ಏರಿಸಿ ಇಳಿಸೋ ಸೆಟ್ಟಿಂಗ್) ಸರಿ ಮಾಡ್ಕೋಬಹುದು, ಅದರಲ್ಲಿ ಏನೂ ತಪ್ಪಿಲ್ಲ, ಏರಿಸೋದಕ್ಕಿಂತ ಜಾಸ್ತಿ ಇರೋದನ್ನ ಇಳಿಸೋದು ಒಳ್ಳೇದು. ಆದ್ರೆ ಸೋರೋ ಟಿಪ್‌ನ ಬೇಸನ್ನ ಈಕ್ವಲೈಸರ್ ಹಾಕಿ ತುಂಬ್ಸೋಕೆ ಹೋಗ್ಬೇಡಿ, ತೂತು ಬಿದ್ದ ಬಿಂದಿಗೆಗೆ ನೀರು ಹೊಯ್ದ ಹಾಗೆ.

ಡಬ್ಬಿ ಮೇಲಿನ ನಂಬರ್‌ಗಳು

ಡ್ರೈವರ್ ಎಷ್ಟಿದೆ ಅನ್ನೋದ್ರಿಂದ ಸೌಂಡ್ ಹೇಗಿದೆ ಅಂತ ಗೊತ್ತಾಗಲ್ಲ. ಒಂದೇ ಡೈನಾಮಿಕ್ ಡ್ರೈವರ್ (ಮಾಮೂಲಿ ಸ್ಪೀಕರ್ ಥರದ್ದು) ಇರೋದು ಎಂಟು ಡ್ರೈವರ್ ಇರೋದಕ್ಕಿಂತ ಚೆನ್ನಾಗಿ ಹಾಡಬಹುದು, ಇಷ್ಟೆಲ್ಲಾ ಹೇಳಿದ ಇಆರ್-4 ಕೂಡ ಪ್ರತಿ ಕಿವಿಗೆ ಒಂದೇ ಬ್ಯಾಲನ್ಸ್ಡ್ ಆರ್ಮೇಚರ್ ಡ್ರೈವರ್ ಇಟ್ಕೊಂಡಿರೋದು, ಹಿಯರಿಂಗ್ ಏಡ್‌ಗಳಲ್ಲಿ ಬಳಸೋ ಜಾತಿದು. 40 ಕಿಲೋಹರ್ಟ್ಜ್‌ವರೆಗೆ ಅಂತ ಬರೆದಿದ್ರೆ ಬಿಟ್ಟಾಕಿ, ಮನುಷ್ಯರ ಕಿವಿ ಕೇಳೋದೇ 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ವಯಸ್ಸಾದ ಹಾಗೆ ಮೇಲಿನದ್ದು ಇನ್ನೂ ಇಳಿಯುತ್ತೆ.

ನೋಡ್ಬೇಕಾದ್ದು ಇಂಪೀಡೆನ್ಸ್ (ಕರೆಂಟಿಗೆ ಒಡ್ಡೋ ತಡೆ, ಓಮ್ ಲೆಕ್ಕ) ಮತ್ತೆ ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಎಷ್ಟು ಜೋರು, ಡೆಸಿಬಲ್ ಲೆಕ್ಕ), ಅದೂ ವೈರ್ ಇರೋದಾದ್ರೆ. 16ರಿಂದ 32 ಓಮ್, 100 ಡೆಸಿಬಲ್ ಆಸುಪಾಸು ಇದ್ರೆ ಫೋನ್‌ಗೇ ಸಾಕು, ಬೇರೆ ಆ್ಯಂಪ್ ಬೇಡ. ಸೆನ್ಸಿಟಿವಿಟಿಯನ್ನ ಕೆಲವರು ಮಿಲಿವ್ಯಾಟ್ ಲೆಕ್ಕದಲ್ಲಿ, ಕೆಲವರು ವೋಲ್ಟ್ ಲೆಕ್ಕದಲ್ಲಿ ಬರೀತಾರೆ, 16 ಓಮ್‌ನ ಇಯರ್‌ಫೋನಿಗೆ ಒಂದು ಮಿಲಿವ್ಯಾಟ್‌ಗೆ 100 ಡೆಸಿಬಲ್ ಅನ್ನೋದೂ ಒಂದು ವೋಲ್ಟ್‌ಗೆ 118 ಡೆಸಿಬಲ್ ಅನ್ನೋದೂ ಒಂದೇ, ದೊಡ್ಡ ನಂಬರ್ ನೋಡಿ ಅದೇ ಜೋರು ಅಂದ್ಕೋಬೇಡಿ. ಕೇಬಲ್ ಬಿಚ್ಚೋ ಹಾಗಿದ್ರೆ ಅದರ ಕನೆಕ್ಟರ್ 0.78 ಮಿಲಿಮೀಟರ್ ಎರಡು ಪಿನ್ನಾ ಅಥವಾ ದುಂಡಗಿನ ಎಂಎಂಸಿಎಕ್ಸಾ ಅಂತ ಬರೆದಿಟ್ಕೊಳ್ಳಿ, ನಾಳೆ ಕೇಬಲ್ ಹೋದ್ರೆ ಅದೇ ತರ್ಬೇಕು.

ವೈರ್‌ಲೆಸ್‌ನಲ್ಲಿ ಕೋಡೆಕ್, ಅಂದ್ರೆ ಬ್ಲೂಟೂತ್‌ನಲ್ಲಿ ಕಳಿಸೋಕೆ ಹಾಡನ್ನ ಚಿಕ್ಕದು ಮಾಡೋ ರೀತಿ, ಅದರ ಬಗ್ಗೆ ಜಗಳ ಜಾಸ್ತಿ. ಐಫೋನ್ ಇರೋರಿಗೆ ಎಸ್‌ಬಿಸಿ ಮತ್ತೆ ಎಎಸಿ ಅನ್ನೋ ಕೋಡೆಕ್ ಮಾತ್ರ, ಸೋನಿಯವರ ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸಿದ್ರೂ ಐಫೋನ್‌ಗೆ ಅದು ಬರೋದೇ ಇಲ್ಲ, ಆ ಕಾರಣಕ್ಕೆ ಹೆಚ್ಚು ದುಡ್ಡು ಕೊಡ್ಬೇಡಿ. ಆಂಡ್ರಾಯ್ಡ್‌ನಲ್ಲೂ ವೈರ್‌ಲೆಸ್ ಸಿಗ್ನಲ್‌ಗಳ ಗದ್ದಲ ಇರೋ ಜಾಗದಲ್ಲಿ ಸಿಗ್ನಲ್ ಹಾಳಾದ್ರೆ ಎಲ್‌ಡ್ಯಾಕ್ ಕೆಳಗಿನ ರೇಟ್‌ಗೆ ಇಳಿಯುತ್ತೆ. ಕೋಡೆಕ್ ಬದಲಾಯಿಸಿದಾಗ ಬರೋ ವ್ಯತ್ಯಾಸಕ್ಕಿಂತ ಟಿಪ್ ಬದಲಾಯಿಸಿದಾಗ ಬರೋದು ಎಷ್ಟೋ ಪಾಲು ದೊಡ್ಡದು, ಇದು ನನ್ನ ಗಟ್ಟಿ ಅಭಿಪ್ರಾಯ. ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದನ್ನ ಎಲೆಕ್ಟ್ರಾನಿಕ್ಸ್‌ನಿಂದ ಅಳಿಸೋದು) ಕೂಡ ಹಾಗೇ, ಇಂಜಿನ್ನಿನ ಗುರ್ ಅನ್ನೋ ತಗ್ಗು ಸದ್ದನ್ನ ಚೆನ್ನಾಗಿ ತೆಗೆಯುತ್ತೆ, ಜನರ ಮಾತು, ಪಾತ್ರೆ ಸದ್ದು ಇವನ್ನ ತಡೆಯೋದು ಹೆಚ್ಚಾಗಿ ಟಿಪ್‌ನ ಸೀಲೇ. ಬೆವರು ಸುರಿಸೋರು ಐಪಿಎಕ್ಸ್4 ಆದ್ರೂ ಇರೋದು ನೋಡಿ, ಅಂದ್ರೆ ಎಲ್ಲಾ ಕಡೆಯಿಂದ ಚಿಮುಕಿಸಿದ ನೀರು ತಡೆಯುತ್ತೆ ಅಂತ, ಮುಳುಗಿಸೋಕಲ್ಲ.

ವಾಲ್ಯೂಮ್

ಸೀಲ್ ಚೆನ್ನಾಗಿದ್ರೆ ದೊಡ್ಡ ಲಾಭ ಇಲ್ಲಿ. ಹೊರಗಿನ ಸದ್ದು ಬರ್ದೇ ಇದ್ರೆ ವಾಲ್ಯೂಮ್ ಏರಿಸೋದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರೋ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ, ಮಕ್ಕಳಿಗೆ 75. ಪ್ರತಿ 3 ಡೆಸಿಬಲ್ ಏರಿದ್ರೆ ಟೈಮ್ ಅರ್ಧ ಆಗುತ್ತೆ, 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, ಹೀಗೆ. ತುಂಬಾ ಫೋನ್‌ಗಳಲ್ಲಿ ಹೆಚ್ಚು ಜೋರಾದ್ರೆ ಎಚ್ಚರಿಸೋ ಸೆಟ್ಟಿಂಗ್ ಇರುತ್ತೆ, ಆನ್ ಮಾಡಿಟ್ಕೊಳ್ಳಿ. ಇಯರ್‌ಫೋನ್ ತೆಗೆದ್ಮೇಲೆ ಕಿವಿ ಗುಂಯ್ ಅಂತಿದ್ರೆ, ಜನರ ಮಾತು ಮಂಕಾಗಿ ಕೇಳಿದ್ರೆ ಆವತ್ತು ಜಾಸ್ತಿ ಆಯ್ತು ಅಂತ ಅರ್ಥ, ಕಿವಿಗೆ ರೆಸ್ಟ್ ಕೊಡಿ, ಮತ್ತೆ ಮತ್ತೆ ಆಗ್ತಿದ್ರೆ ತೋರಿಸಿ. ಒಳಕಿವಿಯ ಸಣ್ಣ ಕೂದಲಿನಂಥ ಕೋಶಗಳು ಒಂದ್ಸಲ ಸತ್ರೆ ಮತ್ತೆ ಹುಟ್ಟಲ್ಲ.

ಹೊಸದು ತಗೊಳ್ಳೋ ಮುಂಚೆ ಹಳೇದನ್ನ ಒಂದ್ಸಲ ನೋಡಿ

ಒಂದು ಕಡೆ ಸೌಂಡ್ ಕಮ್ಮಿ ಆಯ್ತು, ಹೊಸದು ಬೇಕು ಅಂತ ಬಂದೋರಲ್ಲಿ ಎಷ್ಟೋ ಜನರದ್ದು ಹಾಳೇ ಆಗಿರಲ್ಲ. ಟಿಪ್ ತೆಗೆದು ನಾಝಲನ್ನ ಬೆಳಕಿಗೆ ಹಿಡಿದು ನೋಡಿ. ತುದೀಲಿ ಸಣ್ಣ ಜಾಲರಿ ಇರುತ್ತೆ, ಸರಿಯಾಗಿದ್ರೆ ಒಂದೊಂದು ಕಣ್ಣೂ ಬೇರೆಬೇರೆಯಾಗಿ ಹೊಳೆಯುತ್ತೆ, ಗುಗ್ಗೆ ಕಟ್ಟಿದ್ರೆ ಕಂದು ಬಣ್ಣದ ಮೇಣ ಸವರಿದ ಹಾಗೆ ಅರ್ಧ ಜಾಲರಿ ಮುಚ್ಚಿಹೋಗಿರುತ್ತೆ. ಇಯರ್‌ಫೋನನ್ನ ತಲೆಕೆಳಗಾಗಿ, ಜಾಲರಿ ನೆಲ ನೋಡೋ ಹಾಗೆ ಹಿಡ್ಕೊಂಡು ಒಣಗಿದ ಮೆತ್ತನೆ ಬ್ರಷ್‌ನಲ್ಲಿ ಕೆಳಗಿಂದ ಉಜ್ಜಿ, ಉದುರಿದ್ದು ಕೆಳಗೇ ಬೀಳ್ಲಿ, ಒಳಗೆ ಹೋಗಬಾರ್ದು. ಸೂಜಿ ಬೇಡ, ಊದೋದೂ ಬೇಡ, ಬಾಯಿಯ ತೇವ ಒಳಗೆ ಹೋಗುತ್ತೆ. ಸಿಲಿಕೋನ್ ಟಿಪ್‌ನ ಬೇರೆಯಾಗಿ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿದ ಮೇಲೆ ಹಾಕಿ, ಹಾಕುವಾಗ ಎಡಗಿವಿಗೆ ಯಾವ ಸೈಜು ಬಲಗಿವಿಗೆ ಯಾವ ಸೈಜು ಅಂತ ಒಂದ್ಸಲ ಗುನುಗಿ ನೋಡ್ಕೊಳ್ಳಿ.